ಎಡೆಗೆ ಮುಂಚೆ ಕೂಗಿದ ಹೆಸರು

ವಿಂಡ್‌ವರ್ಡ್, ಕ್ಯಾರಿಯಾಕೂ
ಗುರುವಾರ, ಅಕ್ಟೋಬರ್ 16

ಪ್ರೀತಿಯ ಅಮ್ಮಾ,

ನಿನ್ನ ಮಣಿಕಟ್ಟು ಹೇಗಿದೆ? ನೀನು ನೋಡಿಕೊಳ್ಳುವ ಆ ಮುದುಕಮ್ಮನನ್ನು ಸ್ನಾನದ ತೊಟ್ಟಿಯಿಂದ ಎತ್ತುವಾಗ ಉಳುಕಿತು ಎಂದಿದ್ದೆ. ಪಟ್ಟಿ ಕಟ್ಟಿಕೊಂಡು ಮಲಗುತ್ತಿದ್ದೀಯಾ, ಇಲ್ಲ ಎಂದಿನಂತೆ ‘ಏನೂ ಆಗಲ್ಲ ಬಿಡು’ ಎಂದು ಅದೇ ಕೈಯಲ್ಲಿ ಬಕೆಟ್ ಹೊರುತ್ತಿದ್ದೀಯಾ? ಅಲ್ಲಿ ಚಳಿ ಶುರುವಾಗಿರಬೇಕು. ಹೋದ ವರ್ಷದ ಹಾಗೆ ಒಂದೇ ಸ್ವೆಟರಿನಲ್ಲಿ ನವೆಂಬರ್ ದೂಡಬೇಡ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂದರೆ ಜ್ವರ ಗಿರ ಏನಿಲ್ಲ. ಕಚ್ಚಲು ಉಗುರುಗಳು ಉಳಿದಿಲ್ಲ, ಅಷ್ಟೇ.

ಮಂಗಳವಾರ ಕಳಿಸಿದ ಮೆಸೇಜಿಗೆ ಕ್ಷಮಿಸು. ‘ಅಜ್ಜಿಯನ್ನು ಬದುಕಿರುವಾಗಲೇ ಹೂತುಬಿಟ್ಟೆ’ ಎಂದು ಬರೆದಿದ್ದೆ. ಬರೆದು ಕಳಿಸಿದ ಮರುಕ್ಷಣ ಅಳಿಸಲು ನೋಡಿದೆ, ಅಷ್ಟರಲ್ಲಿ ನೀನು ಓದಿಯಾಗಿತ್ತು. ಅಲ್ಲಿಂದ ಈಚೆಗೆ ನೀನು ಫೋನ್ ಎತ್ತುತ್ತಿಲ್ಲ, ಮೆಸೇಜೂ ತೆರೆಯುತ್ತಿಲ್ಲ. ನಾನು ನಿನ್ನ ಜಾಗದಲ್ಲಿದ್ದಿದ್ದರೂ ಎತ್ತುತ್ತಿರಲಿಲ್ಲ. ಅಲ್ಲಿರುವ ನಮ್ಮೂರವರ ಯಾರ ಕೈಲಾದರೂ ಹೇಳಿಕಳಿಸೋಣವೆಂದರೆ, ನೀನು ಯಾರ ಮನೆಯಲ್ಲಿ ಕೆಲಸಕ್ಕಿದ್ದೀಯ ಎನ್ನುವುದನ್ನು ಯಾರಿಗೂ ಹೇಳಕೂಡದು ಎಂದು ನೀನೇ ಆಣೆ ಹಾಕಿಸಿದ್ದೀಯ. ಮಿಸ್ ಆರ್ಲೆಟ್ ನಾಳೆ ತಮ್ಮ ತಂಗಿಯ ಮಗಳ ಮದುವೆಗೆಂದು ಬ್ರೂಕ್ಲಿನ್‌ಗೆ ಹೊರಟಿದ್ದಾರೆ. ಅವರೊಬ್ಬರಿಗೆ ಮಾತ್ರ ನಿನ್ನ ವಿಳಾಸ ಕೊಟ್ಟಿದ್ದೇನೆ. ‘ಬೈಬಲ್ ಮುಟ್ಟಬೇಕೇನೇ? ನನ್ನ ಅಂಗಡೀಲಿ ಯಾರ ಸಾಲ ಎಷ್ಟಿದೆ ಅಂತ ಇವತ್ತಿನವರೆಗೂ ಯಾರಿಗಾದ್ರೂ ಗೊತ್ತಾಗಿದ್ಯಾ?’ ಎಂದರು. ವಿಮಾನ ನಿಲ್ದಾಣದಿಂದ ನೇರ ನಿನ್ನ ಬಾಗಿಲಿಗೆ ಬಂದು ಇದನ್ನು ಕೊಟ್ಟೇ ಮದುವೆ ಮನೆಗೆ ಹೋಗುತ್ತಾರೆ. ದಯವಿಟ್ಟು ಅವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಕೊನೆಯವರೆಗೂ ಓದು.

ವಿಷಯ ಇಷ್ಟು. ಅಜ್ಜಿ ಡಯಾಲಿಸಿಸ್‌ಗೆ ಹೋಗುವುದನ್ನು ನಿಲ್ಲಿಸಿದ್ದಾಳೆ. ಮಂಗಳವಾರ ದೋಣಿ ಹತ್ತಲಿಲ್ಲ, ಇವತ್ತೂ ಹತ್ತಲಿಲ್ಲ. ಕಾಲು ಎರಡೂ ಬ್ರೆಡ್‌ಫ್ರೂಟಿನ ಹಾಗೆ ಊದಿವೆ, ಅಂಗಾತ ಮಲಗಿದರೆ ಉಸಿರು ಸಿಗುವುದಿಲ್ಲವೆಂದು ಕುರ್ಚಿಯಲ್ಲೇ ಕೂತು ತೂಕಡಿಸುತ್ತಾಳೆ. ಸೇಂಟ್ ಜಾರ್ಜಸ್ ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದರೆ, ‘ಶನಿವಾರ ಕರಕೊಂಡು ಬನ್ನಿ. ಅದೂ ತಪ್ಪಿತು ಅಂದ್ರೆ ಆಮೇಲೆ ನನಗೆ ಫೋನ್ ಮಾಡಬೇಡಿ, ಪಾದ್ರಿಗೆ ಮಾಡಿ’ ಎಂದಳು. ಎತ್ತಿಕೊಂಡು ಹೋಗಿ ದೋಣಿಯಲ್ಲಿ ಕೂರಿಸಬಹುದು, ಅವಳೀಗ ಅಷ್ಟೇ ಹಗುರ. ಆದರೆ ‘ಬೇಡ’ ಎನ್ನುವವಳಿಗೆ ಅಲ್ಲಿ ಯಾರೂ ಸೂಜಿ ಚುಚ್ಚುವುದಿಲ್ಲ. ಇದೆಲ್ಲ ಆಗಿರುವುದು ಕಳೆದ ಭಾನುವಾರ ಊರೆಲ್ಲ ಸೇರಿ ಹಿರಿಯರಿಗೆ ಎಡೆ ಇಟ್ಟ ಮರೂನ್ ಊಟದಲ್ಲಿ ಅವಳ ಹೆಸರನ್ನು ಸತ್ತವರ ಸಾಲಿನಲ್ಲಿ ಕೂಗಿದ್ದರಿಂದ. ಆ ಹೆಸರು ಬಂದದ್ದು ನಾನು ಆರಿಸಿದ ಕಂಪನಿಯ ಪುಟದ ಮೂಲಕ. ಬರೆದವಳು ನೀನು ಎಂದು ನಾನು ಅಂದುಕೊಂಡಿದ್ದೇನೆ. ಮೆಸೇಜಿನಲ್ಲಿ ಹೇಳದೇ ಬರೀ ಬೈದೆನಲ್ಲ, ಈಗ ಮೊದಲಿನಿಂದ ಹೇಳುತ್ತೇನೆ.

ಕಾಸ್ಮಸ್ ಮಾವ ರೋಗಿಗಳನ್ನು ಸೇಂಟ್ ಜಾರ್ಜಸ್ ಇರುವ ಆಚೆ ದ್ವೀಪಕ್ಕೆ ಒಯ್ಯುವ ದೋಣಿಯ ಎಂಜಿನ್ ಆಗಸ್ಟಿನಲ್ಲೇ ಕೈಕೊಟ್ಟಿತು ಎಂದು ನಿನಗೆ ಹೇಳಿದ್ದೆ. ಎರವಲು ಎಂಜಿನ್ ಹಾಕಿಕೊಂಡು ದಿನ ದೂಡುತ್ತಿದ್ದ. ಫೆರ್ರಿಯನ್ನು ನಂಬಿದರೆ ಆಸ್ಪತ್ರೆಯ ಹೊತ್ತು ತಪ್ಪುತ್ತದೆ. ಡಯಾಲಿಸಿಸ್ ಇರುವವರು ಬೆಳಕು ಹರಿಯುವುದರೊಳಗೆ ಹೊರಡಲೇಬೇಕು. ದೋಣಿ ನಿಂತರೆ ಅಜ್ಜಿ ಸೇಂಟ್ ಜಾರ್ಜಸ್‌ನಲ್ಲಿ ಯಾರದೋ ಹಿಂದಿನ ಕೋಣೆ ಬಾಡಿಗೆಗೆ ಹಿಡಿದು ಇರಬೇಕಾಗುತ್ತದೆ. ಅದಕ್ಕೆ ಅವಳು ‘ನಾನು ಇಲ್ಲೇ ಸಾಯ್ತೀನಿ, ಅಲ್ಲಿ ಸತ್ರೆ ಹೆಣ ತರೋ ಖರ್ಚು ಬೇರೆ’ ಎನ್ನುತ್ತಿದ್ದಳು. ಮೊದಲೆಲ್ಲ ಈ ದೋಣಿಗೆ ಹೊರಗಿನ ದುಡ್ಡು ಹೇಗೆ ಬರುತ್ತಿತ್ತು ಎಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಬ್ರೂಕ್ಲಿನ್‌ನಿಂದ, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಿಂದ ಯಾರಾದರೂ ಊರಿಗೆ ಬರುವಾಗ ನೋಟನ್ನು ಚೀಟಿಯಲ್ಲಿ ಸುತ್ತಿ ಕಳಿಸುತ್ತಿದ್ದರು, ಚೀಟಿಯ ಮೇಲೆ ತೀರಿಕೊಂಡ ಅಪ್ಪನದೋ ಅಮ್ಮನದೋ ಹೆಸರು. ಕೊಟ್ಟವರ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಕೊಡುವುದು ಹಿರಿಯರು, ನಾವು ಬರೀ ಕೈ. ಚಂಡಮಾರುತ ಬಡಿದ ಮೇಲೆ ಊರಿಗೆ ಬಂದುಹೋಗುವವರೇ ಕಡಿಮೆಯಾದರು. ಹಾಗಾಗಿ ಆನ್‌ಲೈನಿನಲ್ಲಿ ದೇಣಿಗೆ ತೆಗೆದುಕೊಳ್ಳುವ ದಾರಿ ಹುಡುಕಬೇಕೆಂದು ಸಂಘದವರು ತೀರ್ಮಾನಿಸಿ, ಕಾಲೇಜಿಗೆ ಆಗತಾನೇ ಸೇರಿದ್ದ ನನ್ನ ತಲೆಗೆ ಕಟ್ಟಿದರು. ‘ನಮ್ಮ ಅರ್ಧ ಇಂಗ್ಲಿಷಮ್ಮ ಇದ್ದಾಳಲ್ಲ, ಕಂಪ್ಯೂಟರು ಅವಳಪ್ಪನ ಕಡೆಯವರದ್ದೇ’ ಎಂದ ಮಾವ. ಅವನ ಬಾಯಿಗೆ ಬೀಗವೇ ಇಲ್ಲ.

ನಾನು ಎರಡು ವಾರ ಕೂತು ಹುಡುಕಿದೆ ಅಮ್ಮಾ. ಹಾಸ್ಟೆಲಿನಲ್ಲಿ ಸಿಸ್ಟರ್‌ಗಳು ಕಲಿಸಿದ ಹಾಗೆ ಒಂದು ಹಾಳೆಯಲ್ಲಿ ಗೆರೆ ಎಳೆದು, ಈ ಕಡೆ ಒಳ್ಳೆಯದು, ಆ ಕಡೆ ಕೆಟ್ಟದ್ದು ಎಂದು ಬರೆದುಕೊಂಡು, ಗಾಡ್ವಿನ್ ಮಾಸ್ತರರ ಜಗಲಿಯಲ್ಲಿ ಸಭೆ ಸೇರಿದಾಗ ಓದಿದೆ. ಮಾಸ್ತರು ಈಗಲೂ ಅಧ್ಯಕ್ಷರು, ಈಗಲೂ ಎದುರಿಗೆ ಕೂತವರ ಕೈಉಗುರು ನೋಡುತ್ತಾರೆ. ಮೊದಲನೆಯದು ಎಲ್ಲಕ್ಕಿಂತ ದೊಡ್ಡ ಕಂಪನಿ, ಜಗತ್ತೆಲ್ಲ ಬಳಸುವಂಥದ್ದು, ಕಮಿಷನ್ನೂ ಕಡಿಮೆ. ಆದರೆ ಯಾವ ದೇಶ ಎಂದು ಆರಿಸುವಲ್ಲಿ ಗ್ರೀಸ್ ಇದೆ, ಗ್ರೀನ್‌ಲ್ಯಾಂಡ್ ಇದೆ, ಅದಾದ ಮೇಲೆ ನಾವಿರಬೇಕಾದ ಜಾಗದಲ್ಲಿ ಗ್ವಾಟೆಮಾಲ. ಮಾಸ್ತರು ಕನ್ನಡಕ ತೆಗೆದು ನನ್ನ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ, ‘ಹಿಮಕರಡಿಗೆ ದೇಣಿಗೆ ತಗೊಳ್ಳೋ ಯೋಗ್ಯತೆ ಇದೆ, ಗ್ರೆನಡಾದವರಿಗಿಲ್ಲ!’ ಎಂದು ಫೋನಿಗೇ ಬೈದರು. ಎರಡನೆಯದು ಬ್ಯಾಂಕಿನದು. ಸಂಘದ ಎಲ್ಲರೂ ಆಚೆ ದ್ವೀಪಕ್ಕೆ ಖುದ್ದಾಗಿ ಹೋಗಿ ಸಹಿ ಹಾಕಬೇಕು, ಠೇವಣಿ ಇಡಬೇಕು, ಆಮೇಲೆ ಅವರು ಯೋಚಿಸುತ್ತಾರೆ. ‘ಯೋಚನೆ ಮುಗಿಯೋದ್ರೊಳಗೆ ನನ್ನ ರೋಗಿಗಳು ಮುಗಿದಿರ್ತಾರೆ’ ಎಂದ ಮಾವ.

ಮೂರನೆಯದು ಅಮೆರಿಕದಲ್ಲಿರುವ ಒಬ್ಬರ ಸ್ವಂತ ಹೆಸರಿನಲ್ಲಿ, ಅವರ ಬ್ಯಾಂಕ್ ಖಾತೆಗೇ ಪುಟ ತೆರೆಯುವುದು. ಅದೇ ಎಲ್ಲಕ್ಕಿಂತ ಸುಲಭ. ಮಾವ ನೇರವಾಗಿ ನನ್ನ ಮುಖ ನೋಡಿ, ‘ಮತ್ತೇನು, ಜಾಯ್ಸಿನ್ ಅಲ್ಲೇ ಇದ್ದಾಳಲ್ಲ. ನನ್ನ ತಂಗಿ ಅಣ್ಣನಿಗೆ ಇಷ್ಟೂ ಮಾಡಲ್ವಾ?’ ಎಂದ. ಅಜ್ಜಿ ಅಲ್ಲೇ ಮೂಲೆಯಲ್ಲಿ ತೊಗರಿಕಾಯಿ ಸುಲಿಯುತ್ತಿದ್ದಳು. ನಿನ್ನ ಹೆಸರು ಕೇಳಿದ್ದೇ ಅವಳ ಕೈ ನಿಂತಿತು. ನಿನ್ನ ಹೆಸರು ಅಲ್ಲಿನ ಯಾವ ಸರಕಾರಿ ಕಣ್ಣಿಗೂ ಬೀಳಬಾರದು ಎಂದು ನಾನು ಹೇಗೆ ಹೇಳಲಿ? ನಿನ್ನ ವೀಸಾ ಮುಗಿದು ಎಷ್ಟು ಕಾಲವಾಯಿತು ಎಂಬುದು ಮಾವನಿಗೂ ಗೊತ್ತಿಲ್ಲ. ‘ಅಮ್ಮನಿಗೆ ಬಿಡುವಿಲ್ಲ’ ಎಂದುಬಿಟ್ಟೆ. ‘ಹೌದು, ಅವಳಿಗೆ ಯಾವತ್ತು ಬಿಡುವಿತ್ತು?’ ಎಂದು ಅಜ್ಜಿ ಮತ್ತೆ ಕಾಯಿ ಸುಲಿಯತೊಡಗಿದಳು. ಬೈದ ಹಾಗೆ ಇರಲಿಲ್ಲ ಅಮ್ಮಾ. ಆಮೇಲೆ ಆ ಸಿಪ್ಪೆಯನ್ನು ಬುಟ್ಟಿಗೆ ಹಾಕಿ ಕಾಳನ್ನು ಅಂಗಳಕ್ಕೆ ಎಸೆಯುತ್ತಿದ್ದಳು. ಆರ್ಲೆಟ್ ನೋಡಿ ಕೈ ಹಿಡಿದು ನಿಲ್ಲಿಸಿದರು.

ಕೊನೆಗೆ ಉಳಿದದ್ದು ನಮ್ಮಂಥ ದ್ವೀಪಗಳಿಗೆಂದೇ ಶುರುವಾದ ಒಂದು ಚಿಕ್ಕ ಕಂಪನಿ. ಅವರ ಕಮಿಷನ್ ಕೇಳಿ ಆರ್ಲೆಟ್ ಎದೆ ಮುಟ್ಟಿಕೊಂಡರು. ‘ನನ್ನ ಅಂಗಡಿ ಇಲಿಗಳೂ ಇಷ್ಟು ತಿನ್ನಲ್ಲ ಕಣೇ!’ ಆದರೆ ಮಾಸ್ತರಿಗೆ ಕಮಿಷನ್ನಿನ ಚಿಂತೆಯಿರಲಿಲ್ಲ. ‘ಹೆಸರು ಎಲ್ಲಿ ಬರೀತಾರೆ? ಚೀಟಿ ಎಲ್ಲಿ?’ ಎಂದು ಕೇಳುತ್ತಲೇ ಇದ್ದರು. ಬೇರೆ ಯಾವ ಕಂಪನಿಯಲ್ಲೂ ಆ ಜಾಗವಿರಲಿಲ್ಲ, ಇವರಲ್ಲಿತ್ತು. ಯಾರ ಹೆಸರಿನಲ್ಲಿ ಈ ದೇಣಿಗೆ ಎಂದು ಬರೆಯಲು ಒಂದು ಚೌಕ. ಕೊಡುವವರು ಬೇಕಿದ್ದರೆ ತಮ್ಮ ಹೆಸರು ಯಾರಿಗೂ ಕಾಣದಂತೆ ಮುಚ್ಚಿಡಲೂಬಹುದು. ನಾನು ಅದನ್ನು ತೋರಿಸಿದ್ದೇ ಮಾಸ್ತರು ಮೇಜು ಗುದ್ದಿದರು. ‘ಇದೇ! ಆ ಚೌಕ ಖಾಲಿ ಬಿಟ್ರೆ ದುಡ್ಡು ಮುಂದಕ್ಕೇ ಹೋಗಬಾರದು, ಹಾಗೆ ಮಾಡೋಕೆ ಬರುತ್ತಾ? ಹೆಸರಿಲ್ಲದ ದುಡ್ಡು ಈ ದೋಣಿ ಹತ್ತಬಾರದು.’ ಬರುತ್ತಿತ್ತು. ಒಂದು ಗುಂಡಿ ಒತ್ತಿದರೆ ಆಗುತ್ತಿತ್ತು. ಒತ್ತಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಆರ್ಲೆಟ್ ನನಗೆ ಜಿಂಜರ್ ಬಿಯರ್ ಕೊಟ್ಟರು. ನನ್ನ ಜೀವಮಾನದಲ್ಲಿ ಈ ಊರು ನನಗೆ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ. ಅವತ್ತೇ ನಿನಗೂ ಆ ಪುಟದ ಕೊಂಡಿ ಕಳಿಸಿದ್ದು.

ದುಡ್ಡು ಬಂತು, ಎಷ್ಟು ಎಂದು ಬರೆಯುವುದಿಲ್ಲ, ಎಂಜಿನ್ನಿಗೆ ಸಾಲುವಷ್ಟು. ಅದರಲ್ಲಿ ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಬ್ರೂಕ್ಲಿನ್‌ನಿಂದ ಬಂದದ್ದೊಂದು. ಕೊಟ್ಟವರು ಹೆಸರು ಮುಚ್ಚಿಟ್ಟಿದ್ದರು. ಚೌಕದಲ್ಲಿ ‘ಇಮೆಲ್ಡ ಮೆಕ್‌ಲಾರೆನ್ಸ್’ ಎಂದಿತ್ತು. ನಾನು ಎರಡು ಸಲ ನೋಡಿದೆ ಅಮ್ಮಾ, ಎಂದೋ ತೀರಿಕೊಂಡ ಯಾರೋ ಮುದುಕಿ ಇರಬೇಕೆಂದುಕೊಂಡೆ. ಈ ಊರಿನಲ್ಲಿ ಅರ್ಧ ಜನ ಮೆಕ್‌ಲಾರೆನ್ಸ್‌ಗಳೇ ಅಲ್ಲವೇ. ಅಜ್ಜಿ ಊರಿಗೆಲ್ಲ ಮಾ ಡೂಡೂ. ಆಸ್ಪತ್ರೆಯ ಕಾರ್ಡಿನಲ್ಲಿ ಯೂಲಿನ್. ಪಾದ್ರಿ ನೀರು ಚಿಮುಕಿಸಿ ಇಟ್ಟ ಹೆಸರು ಇಮೆಲ್ಡ ಎಂದು ನನಗೆ ಯಾರೂ ಹೇಳಿರಲಿಲ್ಲ. ಹನ್ನೊಂದನೆಯ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಇದ್ದವಳಿಗೆ ಮನೆಯವರ ಹೆಸರೂ ಪೂರ್ತಿ ತಿಳಿದಿರುವುದಿಲ್ಲ ನೋಡು.

ಹೊಸ ಎಂಜಿನ್ ಬಂದಿತೆಂದು ಕಳೆದ ಭಾನುವಾರ ಮರೂನ್ ಇಟ್ಟರು. ನೀನು ಹೋದ ಮೇಲೆ ಇಷ್ಟು ದೊಡ್ಡದು ಆಗಿರಲಿಲ್ಲವಂತೆ. ಅಂಗಳದ ತುಂಬ ಒಲೆ, ಗಂಡಸರು ದೋಣಿಯ ಹುಟ್ಟಿನಂಥ ಸೌಟು ಹಿಡಿದು ಮೆಕ್ಕೆಜೋಳದ ಹಿಟ್ಟಿನ ಕೂಕೂ ತಿರುವುತ್ತಿದ್ದರು, ಹೆಂಗಸರು ಅನ್ನದ ಉಂಡೆ ಕಟ್ಟುತ್ತಿದ್ದರು. ಅಜ್ಜಿಗೆ ಉಪ್ಪಿಲ್ಲದ ಅಡುಗೆ ಡಾಕ್ಟರ್ ಹೇಳಿದ್ದು, ಹಿರಿಯರಿಗೂ ಉಪ್ಪಿಲ್ಲದ್ದೇ ಇಡಬೇಕಲ್ಲ. ‘ಸತ್ತವರ ಅಡುಗೆ ನನಗೇ ಬಿಡಿ, ರುಚಿ ನೋಡೋಕೆ ನಾನೇ ಸರಿ’ ಎಂದು ನಗಿಸುತ್ತ ಅವಳೇ ಆ ಪಾತ್ರೆಯ ಮುಂದೆ ಕೂತಿದ್ದಳು. ನಡುಮನೆಯಲ್ಲಿ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿ, ರಮ್ಮು ನೀರು ಇಟ್ಟಾಯಿತು. ಎಡೆ ಬಡಿಸುವ ಮುಂಚೆ ಮಾಸ್ತರು ನನ್ನ ಫೋನ್ ಹಿಡಿದು ಒಂದೊಂದೇ ಹೆಸರು ಕೂಗಿದರು. ಒಂದೊಂದು ಹೆಸರಿಗೂ ಅಂಗಳವೆಲ್ಲ ‘ಬನ್ನಿ, ಉಣ್ಣಿ’ ಎನ್ನುತ್ತಿತ್ತು. ‘ಇಮೆಲ್ಡ ಮೆಕ್‌ಲಾರೆನ್ಸ್’ ಎಂದರು. ‘ಬನ್ನಿ, ಉಣ್ಣಿ’ ಎಂದೆವು. ನಾನೂ ಅಂದೆ, ಜೋರಾಗಿ ಅಂದೆ, ಯಾಕೆಂದರೆ ನನ್ನ ಪುಟದಿಂದ ಬಂದ ಹೆಸರುಗಳೆಲ್ಲ ನನ್ನವೇ ಎಂಬ ಹೆಮ್ಮೆ ನನಗೆ. ಅಜ್ಜಿ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು. ಕೈ ಒರೆಸಿಕೊಂಡು ನಡುಮನೆಯ ಬಾಗಿಲವರೆಗೆ ಹೋಗಿ, ತಟ್ಟೆ ಇಡುವುದನ್ನು ನಿಂತು ನೋಡಿದಳು. ಆಮೇಲೆ ಯಾರಿಗೂ ಹೇಳದೆ ಮನೆಗೆ ಹೋಗಿಬಿಟ್ಟಳು. ಸುಸ್ತಾಗಿರಬೇಕೆಂದು ನಾವೆಲ್ಲ ಡೋಲು ಬಾರಿಸುವುದನ್ನು ನೋಡುತ್ತ ಕೂತೆವು.

ಮಂಗಳವಾರ ಮುಂಜಾನೆ ಕರೆಯಲು ಹೋದರೆ ಎದ್ದು ಕೂತಿದ್ದಳು, ಆದರೆ ಬಟ್ಟೆ ಬದಲಾಯಿಸಿರಲಿಲ್ಲ. ‘ಆ ಸೀಟು ಬೇರೆಯವರಿಗೆ ಕೊಡು ಅಂತ ನಿಮ್ಮ ಮಾವನಿಗೆ ಹೇಳು. ನನ್ನ ಎಡೆ ಇಟ್ಟಾಯ್ತು’ ಎಂದಳು. ನನಗೆ ಅರ್ಥವಾಗಲಿಲ್ಲ. ‘ಯಾರ ಎಡೆ ಅಜ್ಜಿ?’ ‘ಇಮೆಲ್ಡ ಅಂದ್ರೆ ಯಾರು ಅಂದ್ಕೊಂಡಿದ್ದೀಯ ಹುಡುಗಿ? ನಾನೇ.’ ಮಾವ ದಕ್ಕೆಯಿಂದ ಓಡಿ ಬಂದ. ಅವನಿಗೆ ಹೆಸರು ಗೊತ್ತಿತ್ತು, ಆದರೆ ಕೂಗುವಾಗ ಎಂಜಿನ್ನಿನ ಹತ್ತಿರ ಇದ್ದನಂತೆ. ಬೈದ, ಅತ್ತ, ಮತ್ತೆ ಬೈದ. ‘ನಾನು ಸತ್ತಿಲ್ಲ ಅಂತ ನೀನು ಕೂಗಿದ್ರೆ ಆಗೋದಿಲ್ಲಪ್ಪ’ ಎಂದಳು. ಉಳಿದ ರೋಗಿಗಳು ದೋಣಿಯಲ್ಲಿ ಕಾಯುತ್ತಿದ್ದರು, ಅವನು ಹೋಗಲೇಬೇಕಾಯಿತು. ದೋಣಿ ಬಂಡೆಯ ತಿರುವು ದಾಟಿ ಮರೆಯಾದ ಮೇಲೆ ನಾನು ಅಲ್ಲೇ ಮರಳಿನಲ್ಲಿ ಕೂತು ನಿನಗೆ ಆ ಮೆಸೇಜು ಬರೆದದ್ದು. ಇಮೆಲ್ಡ ಎಂಬ ಹೆಸರು ಗೊತ್ತಿರುವವರು ಮಾವ ಬಿಟ್ಟರೆ ನೀನೊಬ್ಬಳೇ ಎಂದು ತಲೆಯಲ್ಲಿ ಮಿಂಚಿದ್ದೇ ತಡ, ಬೆರಳು ನಿಲ್ಲಲಿಲ್ಲ.

ಮಧ್ಯಾಹ್ನ ಮಾಸ್ತರು ಟೋಪಿ ಕೋಟು ಹಾಕಿಕೊಂಡು ಬಂದರು. ಆರ್ಲೆಟ್ ಮತ್ತು ನಾನೇ ಅವರಿಗೆ ಹೇಳಿಕೊಟ್ಟು ಕಳಿಸಿದ್ದು. ಪಕ್ಕದ ಪೆಟಿಟ್ ಮಾರ್ಟಿನೀಕ್ ದ್ವೀಪದಲ್ಲಿ ಇನ್ನೊಬ್ಬ ಇಮೆಲ್ಡ ಇದ್ದಳು, ತೀರಿಕೊಂಡು ಬಹಳ ವರ್ಷವಾಯಿತು, ಅದು ಅವಳ ಹೆಸರು ಎಂದು ಗಂಭೀರವಾಗಿ ವರದಿ ಒಪ್ಪಿಸಿದರು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ‘ಮಾಸ್ತರೇ, ಸುಳ್ಳು ಹೇಳಿದ ಮಕ್ಕಳಿಗೆ ಬೆತ್ತ ಕೊಡ್ತಿದ್ರಲ್ಲ, ಎಲ್ಲಿ, ಕೈ ಚಾಚಿ’ ಎಂದಳು. ಅವರು ನಿಜವಾಗಿ ಚಾಚಿದರು ಅಮ್ಮಾ. ಅಷ್ಟು ವಯಸ್ಸಾದ ಮನುಷ್ಯ, ಕಣ್ಣು ತುಂಬಿತ್ತು. ಅಜ್ಜಿ ಆ ಕೈ ಹಿಡಿದು, ‘ಹೋಗಿ ಊಟ ಮಾಡಿ, ನಿಮ್ಮ ತಪ್ಪೇನಿಲ್ಲ’ ಎಂದು ಕಳಿಸಿದಳು.

ಕಂಪನಿಗೂ ಬರೆದೆ. ದೇಣಿಗೆಯನ್ನು ವಾಪಸ್ ಮಾಡಿ, ಹೆಸರು ತೆಗೆದುಹಾಕಿ ಎಂದು ಬೇಡಿಕೊಂಡೆ. ಎಲ್ಲ ಉತ್ತರಗಳೂ ನನ್ನ ತಾಳ್ಮೆಗೆ ಕೃತಜ್ಞತೆ ಹೇಳುತ್ತ ಶುರುವಾಗುತ್ತವೆ, ನನಗೆ ತಾಳ್ಮೆ ಎಲ್ಲಿದೆ? ಹೆಸರು ಮುಚ್ಚಿಟ್ಟವರು ಯಾರೆಂದು ಅವರು ಹೇಳುವಂತಿಲ್ಲ. ತಿದ್ದುವ ಹಕ್ಕು ಕೊಟ್ಟವರಿಗೆ ಮಾತ್ರ, ಅವರಿಗೆ ಬಂದ ರಸೀದಿಯಲ್ಲೇ ಅದಕ್ಕೊಂದು ಕೊಂಡಿ ಇದೆ. ಚೌಕವನ್ನು ಖಾಲಿ ಮಾಡಲಾಗದು, ಬೇರೆ ಹೆಸರು ಬರೆಯಬಹುದು, ಯಾಕೆಂದರೆ ಖಾಲಿ ಬಿಡಬಾರದೆಂದು ಗುಂಡಿ ಒತ್ತಿದವಳು ನಾನೇ. ನಾಚಿಕೆಯವರೂ ಕೊಡಲಿ ಎಂದು ಹೆಸರು ಮುಚ್ಚಿಡುವ ಅನುಕೂಲವನ್ನು ಹೊಗಳಿದವಳೂ ನಾನೇ. ಬೇರೆ ಯಾವ ಕಂಪನಿ ಆರಿಸಿದ್ದರೂ ಅಜ್ಜಿ ಇವತ್ತು ದೋಣಿಯಲ್ಲಿರುತ್ತಿದ್ದಳು.

ನೀನು ಯಾಕೆ ಬರೆದೆ ಎಂದು ಯೋಚಿಸಿ ಯೋಚಿಸಿ ನನಗೆ ಅರ್ಥವಾಗಿದೆ ಅನಿಸುತ್ತದೆ. ಎರಡು ಪಾಳಿಗಳ ನಡುವೆ ಎಲ್ಲೋ ನಿಂತು ಫೋನಿನಲ್ಲಿ ಪುಟ ತೆರೆದಿರುತ್ತೀಯ. ಚೌಕ ತುಂಬದೆ ಮುಂದೆ ಹೋಗುತ್ತಿಲ್ಲ. ಅದರಲ್ಲಿ ಕೇಳಿದ್ದು ಯಾರ ಹೆಸರಿನಲ್ಲಿ ಎಂದಷ್ಟೇ, ಆ ಹೆಸರುಗಳನ್ನು ಎಡೆಗೆ ಕೂಗುತ್ತಾರೆಂದು ನಾನೂ ನಿನಗೆ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ತೀರಿಕೊಂಡವನು ಅಜ್ಜ ಒಬ್ಬನೇ. ಹೊಟ್ಟೆಯಲ್ಲಿ ನನ್ನನ್ನು ಇಟ್ಟುಕೊಂಡವಳನ್ನು, ಇಂಗ್ಲಿಷಿನವನ ಹಡಗು ಹತ್ತಿ ಹೋಗು ಎಂದು ಪೆಟ್ಟಿಗೆ ಸಮೇತ ಅಂಗಳಕ್ಕೆ ತಳ್ಳಿದವನು. ನನ್ನನ್ನು ಹಾಸ್ಟೆಲಿಗೆ ಹಾಕಬೇಕಾದದ್ದೂ ಅವನ ಕಣ್ಣಿಗೆ ನಾನು ಬೀಳಬಾರದೆಂದೇ. ಅವನ ಹೆಸರು ಬರೆಯಲು ನಿನಗೆ ಕೈ ಬಂದಿರಲಿಕ್ಕಿಲ್ಲ. ಅಜ್ಜಿಯ ಹೆಸರು ಬರೆದೆ, ಅದೂ ಚರ್ಚಿನ ಹೆಸರು, ಮರ್ಯಾದೆಯ ಹೆಸರು. ಇಷ್ಟು ವರ್ಷ ಮಾತಾಡದ ತಾಯಿಗೆ ನಿನಗೆ ತಿಳಿದ ರೀತಿಯಲ್ಲಿ ಏನೋ ಕೊಟ್ಟೆ. ನಾನು ಅದನ್ನು ಹೂಳುವುದು ಎಂದೆ.

ಈಗ ಕೇಳಬಾರದ್ದನ್ನು ಕೇಳುತ್ತೇನೆ. ರಸೀದಿ ತೆರೆದು, ಇಮೆಲ್ಡ ಎಂದಿರುವಲ್ಲಿ ಅಜ್ಜನ ಹೆಸರು ಬರೆ ಅಮ್ಮಾ. ಎನಕ್ ಮೆಕ್‌ಲಾರೆನ್ಸ್, ಎರಡೇ ಪದ. ಶುಕ್ರವಾರ ರಾತ್ರಿಯೇ ಬದಲಾಯಿಸಿದರೆ ನನ್ನ ಫೋನಿಗೆ ತಕ್ಷಣ ಗೊತ್ತಾಗುತ್ತದೆ. ಮಾಸ್ತರನ್ನು ಎಬ್ಬಿಸಿಕೊಂಡು ಬಂದು ಅಜ್ಜಿಯ ಎದುರಿಗೇ ಹೊಸದಾಗಿ ಕೂಗಿಸುತ್ತೇನೆ, ಎಡೆ ಇಡುತ್ತೇವೆ, ಅವಳ ಜಾಗಕ್ಕೆ ಅವನು ಹೋಗುತ್ತಾನೆ. ಬೇರೆ ದಾರಿ ನನಗೆ ಕಾಣುತ್ತಿಲ್ಲ. ಅವನನ್ನು ಕ್ಷಮಿಸು ಎಂದು ಹೇಳುತ್ತಿಲ್ಲ, ನಾನೂ ಕ್ಷಮಿಸಿಲ್ಲ. ಆದರೆ ಬದುಕಿರುವವಳಿಗಾಗಿ ಸತ್ತವನ ಹೆಸರು ಬರೆಯಬಹುದಲ್ಲವೇ?

ಮಾವ ನೆನಪು ಹೇಳಿದ್ದಾನೆ, ಅಂದರೆ ನಿನ್ನ ಮೇಲೆ ಕೋಪವಿದೆ ಆದರೂ ಹೇಳಿದ್ದಾನೆ. ಆರ್ಲೆಟ್ ಕೈಯಲ್ಲಿ ಕಪ್ಪು ಕೇಕು, ಒಂದು ಸೀಸೆ ಸೋರೆಲ್ ಪಾನಕ ಕಳಿಸಿದ್ದೇನೆ. ಕೇಕನ್ನು ಆ ಮುದುಕಮ್ಮನಿಗೆ ಕೊಟ್ಟುಬಿಡಬೇಡ, ನೀನು ತಿನ್ನು. ಮೇರಿಮಾತೆ ನಿನ್ನ ಕೈಕಾಲನ್ನು, ನಿನ್ನ ಬಾಗಿಲನ್ನು ಕಾಯಲಿ. ಕಾಲೇಜಿನ ಪರೀಕ್ಷೆಯ ಬಗ್ಗೆ ಈಗ ಕೇಳಬೇಡ.

ನಿನ್ನ ಮಗಳು,
ನೆರೀಸ

ಮರೆತದ್ದಲ್ಲ, ಈಗ ಆದದ್ದು: ಆರ್ಲೆಟ್ ಗೇಟಿನಲ್ಲಿ ನಿಂತು ಕೂಗುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅಜ್ಜಿ ಕುರ್ಚಿಯಿಂದಲೇ ‘ಏನು ಅಷ್ಟು ಬರೀತಿದ್ದೀಯ, ಓದು’ ಎಂದಳು. ಓದಿದೆ. ಅಜ್ಜನ ಹೆಸರು ಬಂದಾಗ ಊದಿದ ಕಾಲನ್ನೇ ನೆಲಕ್ಕೆ ಬಡಿದಳು. ‘ಹರಿ ಅದನ್ನ! ಅವನ ಹೆಸರನ್ನ ನನ್ನ ಮಗಳ ಕೈಲಿ ಬರೆಸ್ತೀಯಾ? ಅವನಿಗೆ ಅವಳು ಏನೂ ಕೊಡಬೇಕಾಗಿಲ್ಲ.’ ಆಮೇಲೆ ಬಹಳ ಹೊತ್ತು ಉಸಿರು ತಗೊಂಡು ಹೇಳಿದಳು, ಅವಳು ಹೇಳಿದ ಹಾಗೇ ಬರೆಯುತ್ತಿದ್ದೇನೆ: ‘ಅವತ್ತು ಅವನು ಅವಳನ್ನ ತಳ್ಳಿದಾಗ ಬಾಗಿಲಲ್ಲಿ ಬಾಯಿ ಮುಚ್ಕೊಂಡು ನಿಂತಿದ್ದವಳು ನಾನು. ನನ್ನ ಹೆಸರು ಕೂಗಿದಾಗ, ಸರಿ, ನನ್ನ ಮಗಳ ಪಾ‍ಲಿಗೆ ನಾನು ಸತ್ತಿದ್ದೀನಿ, ಅದು ನ್ಯಾಯವೇ ಅಂದ್ಕೊಂಡೆ. ಹಾಗಲ್ಲ ಅಂತಿದ್ದಾಳೆ ಈ ಹುಡುಗಿ. ಇವಳು ಹೇಳಿದ್ರೆ ನಂಬಲ್ಲ. ಅವಳು ಹೇಳಲಿ.’

ರಸೀದಿ ಮುಟ್ಟಬೇಡ ಅಮ್ಮಾ. ಫೋನ್ ಮಾಡು. ನಿನ್ನದರಿಂದ ಬೇಡವಾದರೆ ಆರ್ಲೆಟ್ ಫೋನಿನಿಂದ ಮಾಡು, ಅದಕ್ಕೇ ಅವರನ್ನು ಬಾಗಿಲಲ್ಲಿ ನಿಲ್ಲಿಸಿಕೋ ಎಂದದ್ದು ಈಗ ಒಳ್ಳೆಯದೇ ಆಯಿತು. ನನ್ನ ಫೋನ್ ಅಜ್ಜಿಯ ಮಡಿಲಲ್ಲೇ ಇರುತ್ತದೆ, ಎರಡು ಮಾತು ಸಾಕು, ಬೈದರೂ ಸಾಕು. ಶನಿವಾರ ದೋಣಿ ಬೆಳಗಿನ ಜಾವ ಐದಕ್ಕೆ ಹೊರಡುತ್ತದೆ, ಮಾವ ಆರರವರೆಗೂ ಹಗ್ಗ ಬಿಚ್ಚುವುದಿಲ್ಲ ಎಂದಿದ್ದಾನೆ. ಅಲ್ಲಿಗೂ ಇಲ್ಲಿಗೂ ಈ ತಿಂಗಳು ಗಡಿಯಾರ ಒಂದೇ, ಅಮ್ಮಾ. ನಿನಗೆ ಐದಾದಾಗ ಇಲ್ಲಿಯೂ ಐದೇ.